ಕಳ್ಳೋದು

ಬಾಡಿಗೆ ಪುಸ್ತಕದಂಗಡಿಯ ಹಳೆಯ ಕಾದಂಬರಿಯೊಂದನ್ನು ಬೆನ್ನಿನ ಮೇಲೆ ನಿಲ್ಲಿಸಿ ಎರಡೂ ಕೈ ಬಿಟ್ಟುಬಿಡಿ. ಅದು ಅರೆಗಳಿಗೆ ಯೋಚಿಸಿ ತಾನಾಗಿಯೇ ಒಂದು ಪುಟಕ್ಕೆ ತೆರೆದುಕೊಳ್ಳುತ್ತದೆ. ಆ ಪುಟದ ಅಂಚು ಉಳಿದವುಗಳಿಗಿಂತ ಹೆಚ್ಚು ಕಂದಿರುತ್ತದೆ. ಮೂಲೆ ಗರಿಗರಿ ಕಳೆದುಕೊಂಡು ಮೆತ್ತಗಾಗಿರುತ್ತದೆ. ಯಾರೋ ಪೆನ್ಸಿಲಿನಲ್ಲಿ ಎಳೆದ ಗೆರೆಯನ್ನು ಇನ್ಯಾರೋ ಅಳಿಸಲು ಹೋಗಿ ಕಾಗದವನ್ನೇ ತೆಳ್ಳಗೆ ಮಾಡಿರುತ್ತಾರೆ. ನಾಯಕನ ತಂದೆ ತೀರಿಕೊಂಡ ಪುಟಕ್ಕೋ, ಗ್ರಾಮೋದ್ಧಾರದ ಭಾಷಣ ನಡೆದ ಪುಟಕ್ಕೋ ಪುಸ್ತಕ ಹೀಗೆ ತೆರೆದುಕೊಂಡದ್ದನ್ನು ನಾನಂತೂ ಕಂಡಿಲ್ಲ. ಮಳೆ ಬಂದು, ಬಸ್ಸು ತಪ್ಪಿ, ಇಬ್ಬರು ಒಂದೇ ಸೂರಿನಡಿ ನಿಂತ ಪುಟಕ್ಕೇ ಅದು ತೆರೆದುಕೊಳ್ಳುವುದು. ವಿದ್ವಾಂಸರು ಬರೆದ ಸಾಹಿತ್ಯ ಚರಿತ್ರೆ ಒಂದಿದೆ, ಓದುಗರ ಹೆಬ್ಬೆರಳು ಬರೆದ ಸಾಹಿತ್ಯ ಚರಿತ್ರೆ ಇನ್ನೊಂದಿದೆ. ಎರಡನೆಯದು ಎಲ್ಲೂ ಅಚ್ಚಾಗಿಲ್ಲ. ಆದರೆ ಮೊದಲನೆಯದಕ್ಕಿಂತ ಅದು ಹಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈ ಬಗೆಯ ಓದಿಗೆ ನಾನು ಕಳ್ಳೋದು ಎಂದು ಹೆಸರಿಟ್ಟುಕೊಂಡಿದ್ದೇನೆ. ಕಳ್ಳೋದಿಗೆ ಅದರದೇ ಆದ ಆಸನ, ಅದರದೇ ಬೆಳಕು, ಅದರದೇ ಕಿವಿ ಇರುತ್ತದೆ. ಬೀಜಗಣಿತದ ಪುಸ್ತಕದೊಳಗೆ ಕಾದಂಬರಿ, ಕಾದಂಬರಿಯ ಮೇಲೆ ದಿನಪತ್ರಿಕೆಯ ಹೊದಿಕೆ. ಬಾಗಿಲ ಚಿಲಕ ಸದ್ದು ಮಾಡಿದರೆ ಮುಚ್ಚಬೇಕು, ಮುಚ್ಚುವಾಗ ಪುಟದ ಸಂಖ್ಯೆ ನೆನಪಿರಬೇಕು. ಮನೆಗೆ ‘ಪ್ರಜಾಮತ’ ವಾರಪತ್ರಿಕೆ ಬರುತ್ತಿದ್ದ ಕಾಲದಲ್ಲಿ ಅದರ ‘ಗುಪ್ತ ಸಮಾಲೋಚನೆ’ ಅಂಕಣವನ್ನು ಮನೆಯಲ್ಲಿ ಯಾರೂ ಓದುತ್ತಿರಲಿಲ್ಲ, ಆದರೆ ಆ ವಾರದ ಪ್ರಶ್ನೆ ಏನೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಪತ್ರಿಕೆ ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಟ್ಟಕ್ಕೆ ಸಂಚರಿಸುವ ದಾರಿಯೇ ಒಂದು ಕಥೆ.

ಈ ಕಲೆ ನಮ್ಮದೊಂದೇ ಅಲ್ಲ. ಲಂಡನ್ನಿನ ನೌಕಾ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಮಹಾಶಯ 1668ರ ಜನವರಿಯಲ್ಲಿ ಪುಸ್ತಕದಂಗಡಿಯಲ್ಲಿ ಒಂದು ಫ್ರೆಂಚ್ ಪುಸ್ತಕ ನೋಡಿದ. ಹೆಂಡತಿಯಿಂದ ಅನುವಾದ ಮಾಡಿಸೋಣವೆಂದು ಕೈಗೆತ್ತಿಕೊಂಡವನು ನಾಲ್ಕು ಪುಟ ತಿರುವಿದೊಡನೆ ನಾಚಿ ಕೆಳಗಿಟ್ಟ. ಮರುತಿಂಗಳು ಅದೇ ಅಂಗಡಿಗೆ ಹೋಗಿ ಅದೇ ಪುಸ್ತಕವನ್ನು, ಅಲಂಕಾರವಿಲ್ಲದ ಸಾದಾ ರಟ್ಟಿನಲ್ಲಿ, ಕೊಂಡ. ಲೋಕಜ್ಞಾನಕ್ಕಾಗಿ ಓದಬೇಕಾದದ್ದೇ ಎಂದು ಸಮಾಧಾನ ಹೇಳಿಕೊಂಡು ಪೂರ್ತಿ ಓದಿದ. ತನ್ನ ಪುಸ್ತಕಗಳ ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದಿರಲೆಂದು ಕೊನೆಗೆ ಸುಟ್ಟುಹಾಕಿದ. ಸುಟ್ಟದ್ದನ್ನೂ ಸೇರಿಸಿ ಎಲ್ಲವನ್ನೂ ಸಂಕೇತಲಿಪಿಯ ದಿನಚರಿಯಲ್ಲಿ ಬರೆದಿಟ್ಟ. ಮೂರೂವರೆ ಶತಮಾನದಾಚೆಯ ಈ ಮನುಷ್ಯನ ಮೇಲೆ ನನಗೆ ಅಪಾರ ಅಕ್ಕರೆ. ನಾಚಿಕೆ, ಆಸೆ, ನೆಪ, ಓದು, ಬೂದಿ, ಕೊನೆಗೆ ತಡೆಯಲಾರದೆ ಬರೆದಿಟ್ಟ ಒಂದು ಸಾಲು. ಕಳ್ಳೋದಿನ ಪೂರ್ಣ ವೃತ್ತ ಇದು.

ಈಗ ಕೇಳಬೇಕಾದ ಮಾತು ಬೇರೆ. ಬಚ್ಚಿಡುವ ಕಾಲ ಮುಗಿಯಿತಲ್ಲ? ಕಣ್ಣಿಗೆ ಬೇಕಾದದ್ದು, ಬೇಡವಾದದ್ದು, ಎಲ್ಲವೂ ಅಂಗೈಯಲ್ಲಿ ಬೆಳಕಾಗಿ ಕುಣಿಯುತ್ತಿರುವಾಗ ಅಕ್ಷರದಲ್ಲಿ ಬರೆದ ಶೃಂಗಾರಕ್ಕೆ ಓದುಗರು ಯಾಕೆ ಉಳಿದರು? ಉಳಿದದ್ದು ಮಾತ್ರವಲ್ಲ, ಹೆಚ್ಚಿದರು. 2011ರಲ್ಲಿ ಹೊರಬಂದ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಮತ್ತು ಅದರ ಮುಂದಿನ ಭಾಗಗಳು ಹತ್ತು ಕೋಟಿಗೂ ಮೀರಿ ಮಾರಾಟವಾದವು. ಚಿತ್ರಕ್ಕೆ ಬರವಿಲ್ಲದ ಕಾಲದಲ್ಲಿ ಇಷ್ಟು ಜನ ಅಕ್ಷರಕ್ಕೆ ಕೈಚಾಚಿದರು, ಅದರಲ್ಲೂ ಬಹುಪಾಲು ಹೆಂಗಸರು. ಆ ಪುಸ್ತಕದ ಗದ್ಯವನ್ನು ನಾನು ಮೆಚ್ಚಲಾರೆ. ಮೆಚ್ಚುಗೆಯ ಪ್ರಶ್ನೆ ಬದಿಗಿರಲಿ, ಕಣ್ಣು ತುಂಬಿದ ಮೇಲೂ ತುಂಬದೆ ಉಳಿದ ಜಾಗ ಯಾವುದು ಎಂದು ಹುಡುಕುವ ಆಸೆ ನನಗೆ.

ಹುಡುಕುತ್ತ ಹೋದರೆ ಎಂಟು ಶತಮಾನದ ಹಿಂದೆ, ಹೊಯ್ಸಳ ವೀರಬಲ್ಲಾಳನ ಕಾಲದ ಜನ್ನ ಸಿಗುತ್ತಾನೆ. 1209ರಲ್ಲಿ ಅವನು ಬರೆದು ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಉಜ್ಜಯಿನಿಯ ರಾಣಿ ಅಮೃತಮತಿ ಗಂಡನ ಪಕ್ಕದಲ್ಲಿ ಮಲಗಿದ್ದಾಳೆ. ಬೆಳಗಿನ ಜಾವದ ಹೊತ್ತು. ಆನೆಲಾಯದ ಕಡೆಯಿಂದ ಒಂದು ಹಾಡು ತೇಲಿ ಬರುತ್ತದೆ. ಹಾಡುವವನು ಯಾರೋ, ಹೇಗಿದ್ದಾನೋ, ಎಷ್ಟು ಪ್ರಾಯದವನೋ, ಅವಳಿಗೆ ಏನೂ ತಿಳಿಯದು. ಕಿವಿಗೆ ಬಿದ್ದದ್ದು ದನಿ ಮಾತ್ರ. ಅಷ್ಟಕ್ಕೇ ಮನಸ್ಸು ಹೊರಟುಹೋಯಿತು. ಮರುದಿನ ಕೆಳದಿಯನ್ನು ಅಟ್ಟುತ್ತಾಳೆ. ಕೆಳದಿ ಹೋಗಿ ನೋಡಿ, ಹೇಸಿ, ಬೆದರಿ ಹಿಂದಿರುಗುತ್ತಾಳೆ. ಅವನು ಅಷ್ಟವಂಕನೆಂಬ ಮಾವುತ, ಮೈಯೆಲ್ಲ ಸೊಟ್ಟ. ಜನ್ನ ಆ ಕುರೂಪವನ್ನು ಅಂಗ ಅಂಗವಾಗಿ ವರ್ಣಿಸುತ್ತಾನೆ, ಓದುಗನಿಗೂ ಹೇಸಿಗೆಯಾಗುವಷ್ಟು. ಆದರೆ ರಾಣಿ ಮನಸ್ಸು ಬದಲಿಸುವುದಿಲ್ಲ. ಕಣ್ಣಿನ ವರದಿ ಬರುವ ಮೊದಲೇ ಕಿವಿ ತೀರ್ಮಾನ ಕೊಟ್ಟಾಗಿತ್ತು.

ಜನ್ನ ಇದನ್ನು ಬರೆದದ್ದು ಜೈನ ಧರ್ಮದ ಎಚ್ಚರಿಕೆಯಾಗಿ, ಹಿಂಸೆಯ ಸಂಕಲ್ಪವೂ ಹಿಂಸೆಯೇ ಎಂದು ತೋರಿಸುವುದಕ್ಕೆ. ಹಿಟ್ಟಿನ ಕೋಳಿ, ಬಲಿ, ಜನ್ಮಜನ್ಮಾಂತರದ ಅಲೆದಾಟ ಎಲ್ಲವೂ ಅದರಲ್ಲಿದೆ. ಆದರೂ ಕನ್ನಡದ ಓದುಗರನ್ನು ನಿಲ್ಲಿಸಿ ಕೇಳಿದರೆ ಮೊದಲು ನೆನಪಿಗೆ ಬರುವುದು ಆ ಹಾಡು ಕೇಳಿದ ಜಾವ. ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ನಾಟಕ ಬರೆದಾಗಲೂ ಆ ದನಿಯನ್ನು ಬಿಡಲಾಗಲಿಲ್ಲ. ಶೃಂಗಾರಕಥೆ ಉಳಿದದ್ದರ ಗುಟ್ಟನ್ನು ಜನ್ನ ಗೊತ್ತಿದ್ದೇ ಬಿಟ್ಟುಕೊಟ್ಟಿದ್ದಾನೆ ಎಂದು ನನ್ನ ನಂಬಿಕೆ. ಕಥೆಯೂ ಕತ್ತಲಲ್ಲಿ ಬರುವ ದನಿ. ಅದು ಮುಖ ತೋರಿಸುವುದಿಲ್ಲ, ಮುಖವನ್ನು ಕೇಳುವವರೇ ಕಟ್ಟಿಕೊಳ್ಳಬೇಕು. ಚಿತ್ರದಲ್ಲಿ ಎಲ್ಲವೂ ಇನ್ನೊಬ್ಬರು ಮಾಡಿಟ್ಟದ್ದು. ಕಥೆಯಲ್ಲಿ ಅರ್ಧ ಕೆಲಸ ಓದುಗಳದು, ಅದಕ್ಕೇ ಅದು ಅವಳದ್ದಾಗುತ್ತದೆ.

ಇನ್ನೊಂದು ಗುಟ್ಟು ಗಿಳಿಯ ಬಳಿ ಇದೆ. ‘ಶುಕಸಪ್ತತಿ’ಯ ಪ್ರಭಾವತಿಯ ಗಂಡ ವ್ಯಾಪಾರಕ್ಕೆಂದು ದೂರದೇಶಕ್ಕೆ ಹೋಗಿದ್ದಾನೆ. ಪ್ರಿಯನೊಬ್ಬ ಕಾದಿದ್ದಾನೆ. ಅವಳು ಮುಡಿದು ಉಟ್ಟು ಹೊರಟಾಗ ಪಂಜರದ ಸಾರಿಕೆ ಬೈಯುತ್ತದೆ. ಬೈದ ಹಕ್ಕಿಯ ಕುತ್ತಿಗೆಗೆ ಅವಳು ಕೈ ಹಾಕುತ್ತಾಳೆ, ಅದು ತಪ್ಪಿಸಿಕೊಂಡು ಹಾರಿಹೋಗುತ್ತದೆ. ಗಿಳಿ ಬೈಯುವುದಿಲ್ಲ. ಹೋಗು ತಾಯಿ, ಆಸೆಪಟ್ಟದ್ದಕ್ಕೆ ಹೋಗಲೇಬೇಕು, ಆದರೆ ಸಿಕ್ಕಿಬಿದ್ದರೆ ಇಂಥವಳು ಪಾರಾದ ಹಾಗೆ ಪಾರಾಗುವ ಜಾಣತನ ಇದೆಯೋ ಎಂದು ಕೇಳುತ್ತದೆ. ಯಾರವಳು, ಏನಾಯಿತು? ಅವಳು ಹೊಸ್ತಿಲ ಮೇಲೆ ಕೂರುತ್ತಾಳೆ. ಕಥೆ ಇಕ್ಕಟ್ಟಿನ ತುದಿಗೆ ಬಂದು ನಿಲ್ಲುತ್ತದೆ, ಈಗ ಅವಳು ಏನು ಮಾಡಿದಳು ಹೇಳು ಎಂದು ಗಿಳಿ ಸುಮ್ಮನಾಗುತ್ತದೆ. ಯೋಚಿಸಿ ಯೋಚಿಸಿ ರಾತ್ರಿ ಕಳೆಯುತ್ತದೆ. ಹೀಗೆ ಎಪ್ಪತ್ತು ರಾತ್ರಿ. ಗಂಡ ಬರುತ್ತಾನೆ.

ಗಿಳಿ ಹೇಳಿದ್ದು ನೀತಿಕಥೆಯಲ್ಲ ಎಂಬುದನ್ನು ಗಮನಿಸಬೇಕು. ಅವೆಲ್ಲ ಗಂಡನ ಕಣ್ಣು ತಪ್ಪಿಸಿದ ಜಾಣೆಯರ ಕಥೆಗಳು, ಮಂಚದ ಕೆಳಗೆ ಅಡಗಿದವರ, ಬಾಗಿಲ ಹಿಂದೆ ನಿಂತವರ ಕಥೆಗಳು. ಪ್ರಭಾವತಿ ಪ್ರತಿ ಸಂಜೆ ಸಿಂಗರಿಸಿಕೊಳ್ಳುವುದನ್ನು ನಿಲ್ಲಿಸುವುದೂ ಇಲ್ಲ. ಕೆಲವು ರಾತ್ರಿಗಳಾದ ಮೇಲೆ ಅವಳು ಸಿಂಗರಿಸಿಕೊಂಡದ್ದು ಪ್ರಿಯನಿಗೋ ಕಥೆಗೋ ಹೇಳುವುದು ಕಷ್ಟ. ಈ ಗಿಳಿ ಸಂಸ್ಕೃತದಿಂದ ಹಾರಿ 1330ರ ಸುಮಾರಿಗೆ ನಕ್ಷಬಿಯ ಕೈಯಲ್ಲಿ ಪಾರಸಿಯ ‘ತೂತಿನಾಮಾ’ ಆಯಿತು, ರಾತ್ರಿಗಳು ಐವತ್ತೆರಡಕ್ಕೆ ಇಳಿದವು. ಅಕ್ಬರನ ಚಿತ್ರಕಾರರು ಅದಕ್ಕೆ ಬಣ್ಣ ಹಾಕಿದರು. ಊರೂರು ತಿರುಗಿದರೂ ಗಿಳಿ ತನ್ನ ವಿದ್ಯೆ ಬಿಡಲಿಲ್ಲ. ತಡಮಾಡುವುದೇ ಅದರ ವಿದ್ಯೆ. ಆ ತಡದಲ್ಲಿರುವ ಸುಖಕ್ಕೆ ತಡಸುಖ ಎನ್ನೋಣ.

ತಡಸುಖವನ್ನು ನಮ್ಮ ಹಿಂದಿನವರು ಶಾಸ್ತ್ರವನ್ನಾಗಿಯೇ ಮಾಡಿದ್ದರು. ಕೂಡಿದ ಶೃಂಗಾರ ಒಂದು, ಅಗಲಿದ ಶೃಂಗಾರ ಇನ್ನೊಂದು ಎಂದು ಎರಡಾಗಿ ಎಣಿಸಿ, ಅಗಲಿಕೆಯದರಲ್ಲಿ ಮಾಧುರ್ಯ ಹೆಚ್ಚು ಎಂದು ಆನಂದವರ್ಧನ ಹೇಳಿದ. ಭೋಜರಾಜ ಇನ್ನೂ ಮುಂದೆ ಹೋಗಿ ಇರುವ ರಸವೇ ಒಂದು, ಅದು ಶೃಂಗಾರ ಎಂದು ದೊಡ್ಡ ಗ್ರಂಥವನ್ನೇ ಬರೆದ. ಮಹಾಕಾವ್ಯಕ್ಕೆ ವಿಧಿಸಿದ್ದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರ, ಬೆಟ್ಟ, ಸೂರ್ಯೋದಯದ ಜೊತೆಗೇ ವನವಿಹಾರ, ಜಲಕ್ರೀಡೆ, ಮಧುಪಾನ, ರತಿ ಇವೂ ಸೇರಿದ್ದವು. ಕನ್ನಡದಲ್ಲಿ ನೇಮಿಚಂದ್ರ ‘ಲೀಲಾವತಿ’ಯನ್ನು ಶೃಂಗಾರಕ್ಕೆಂದೇ ಬರೆದ. ಆಂಡಯ್ಯ ‘ಕಬ್ಬಿಗರ ಕಾವ’ದಲ್ಲಿ ಕಾಮನನ್ನು ಶಿವನ ಮೇಲೆಯೇ ಗೆಲ್ಲಿಸಿದ. ವಿಜಯನಗರದ ಕಾಲದ ಕಲ್ಲರಸ ‘ಜನವಶ್ಯ’ವೆಂಬ ಕಾಮಶಾಸ್ತ್ರವನ್ನೇ ಕನ್ನಡದಲ್ಲಿ ಹೇಳಿದ. ಮೂಡಬಿದಿರೆಯ ರತ್ನಾಕರವರ್ಣಿ 1557ರಲ್ಲಿ ಭರತ ಚಕ್ರವರ್ತಿಯ ವೈರಾಗ್ಯವನ್ನು ಹಾಡಲು ಹೊರಟು ಅಂತಃಪುರದಲ್ಲಿ ಎಷ್ಟು ಹೊತ್ತು ನಿಂತನೆಂದರೆ, ಆ ನಿಲುಗಡೆಯೇ ಕಾವ್ಯದ ಸೊಗಸಾಯಿತು. ಹೊಸಗನ್ನಡಕ್ಕೆ ಬಂದರೆ 1942ರ ‘ಮೈಸೂರ ಮಲ್ಲಿಗೆ’. ಅದರಲ್ಲಿ ಮಾವನ ಮನೆಗೆ ರಾತ್ರಿ ಬಂದಿಳಿದ ರಾಯರಿಗೆ ಮನೆಮಂದಿಯೆಲ್ಲ ಉಪಚಾರ ಮಾಡುತ್ತಾರೆ, ಕಾದಿದ್ದ ಬಳೆಯ ಸದ್ದೊಂದು ಮಾತ್ರ ಕೇಳಿಸುವುದಿಲ್ಲ. ಆ ಕೇಳದ ಸದ್ದಿನಿಂದಲೇ ಮೂರು ತಲೆಮಾರು ಆ ಪದ್ಯವನ್ನು ಮೆಚ್ಚಿಕೊಂಡಿತು.

ತಡವನ್ನು ಕಿತ್ತುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಲೇಖಕಿ ಅನಾಯಿಸ್ ನಿನ್‌ಳ ಅನುಭವಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. 1940ರ ದಶಕದ ಅಮೆರಿಕದಲ್ಲಿ ಕೈಯಲ್ಲಿ ಕಾಸಿಲ್ಲದ ಕಾಲ. ಹೆಸರು ಮರೆಸಿಕೊಂಡ ಶ್ರೀಮಂತನೊಬ್ಬನಿಗಾಗಿ ಪುಟಕ್ಕೆ ಒಂದು ಡಾಲರಿನಂತೆ ಆಕೆ ಕಾಮಕಥೆಗಳನ್ನು ಬರೆದುಕೊಟ್ಟಳು. ಅವನಿಂದ ಮತ್ತೆ ಮತ್ತೆ ಒಂದೇ ಮಾತು ಬರುತ್ತಿತ್ತು, ಕವಿತ್ವವನ್ನು ಬಿಡು, ನೇರ ವಿಷಯಕ್ಕೆ ಬಾ ಎಂದು. ಆಕೆ ಕೆರಳಿ ಅವನಿಗೊಂದು ಪತ್ರ ಬರೆದಳು. ಭಾವ, ಹಸಿವು, ಅಸೂಯೆ, ಮಾತು, ನಗು ಎಲ್ಲವನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಯಂತ್ರ, ಬೇಸರ ಎಂಬುದು ಅದರ ಒಟ್ಟು ತಾತ್ಪರ್ಯ. ಆಕೆ ತೀರಿಕೊಂಡ 1977ರಲ್ಲೇ ಆ ಕಥೆಗಳು ‘ಡೆಲ್ಟಾ ಆಫ್ ವೀನಸ್’ ಎಂದು ಹೊರಬಂದು ಜನ ಮುಗಿಬಿದ್ದು ಓದಿದರು. ಅವನು ಬೇಡವೆಂದ ಕವಿತ್ವ ಅಲ್ಲಲ್ಲಿ ತಪ್ಪಿಸಿಕೊಂಡು ಉಳಿದಿತ್ತು, ಅದಕ್ಕೇ ಅವು ಉಳಿದವು. ಬಸ್‌ಸ್ಟ್ಯಾಂಡಿನಲ್ಲಿ ಪಿನ್ನು ಹೊಡೆದು ಮಾರುತ್ತಿದ್ದ ತೆಳು ಪುಸ್ತಕಗಳು ಒಂದೂ ಉಳಿಯಲಿಲ್ಲ. ಅವುಗಳಲ್ಲಿ ಎರಡನೆಯ ಸಾಲಿಗೇ ಎಲ್ಲ ಮುಗಿದಿರುತ್ತಿತ್ತು, ಹೆಣ್ಣಿಗೆ ಹೆಸರೊಂದಿತ್ತೇ ಹೊರತು ಮನಸ್ಸಿರಲಿಲ್ಲ. ಅವನ್ನು ಅಶ್ಲೀಲವೆಂದು ನಾನು ದೂರುವುದಿಲ್ಲ. ಅವು ಅವಸರದವು, ಅದೇ ಅವುಗಳ ಕೇಡು.

ಹೆಣ್ಣಿನ ಮನಸ್ಸು ಎಂದೊಡನೆ ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಪಾಠ ಕಲಿತು, ಬೆಂಗಳೂರು ನಾಗರತ್ನಮ್ಮ ಎಂದು ಹೆಸರಾದ ಗಾಯಕಿಯ ಕಡೆಗೆ ಹೊರಳಲೇಬೇಕು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಪುಣ್ಯವಂತೆ ಎಂದು ಆಕೆಯನ್ನು ಎಲ್ಲರೂ ಬಲ್ಲರು. ನನಗೆ ಆಕೆ ಮೊದಲು ನೆನಪಾಗುವುದು ಮಹಾ ಓದುಗಳಾಗಿ. ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ ಹದಿನೆಂಟನೆಯ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ನಾಗರತ್ನಮ್ಮನ ಕೈಗೆ ಬಂತು. ಮೊದಲು ಸಿಕ್ಕ ಅಚ್ಚಿನ ಪ್ರತಿಯಲ್ಲಿ ತಪ್ಪುಗಳಿದ್ದವು, ಕತ್ತರಿಸಿದ ಜಾಗಗಳಿದ್ದವು. ಆಮೇಲೆ ಹಸ್ತಪ್ರತಿ ದೊರಕಿತು. ಎಷ್ಟು ಸಲ ಓದಿದರೂ ಇನ್ನೊಮ್ಮೆ ಓದಬೇಕೆನ್ನಿಸುವ ಕಾವ್ಯ, ಅದನ್ನು ಬರೆದವಳು ಹೆಣ್ಣು, ಅದರಲ್ಲೂ ತನ್ನದೇ ಕುಲದವಳು ಎಂಬ ಹೆಮ್ಮೆಯಿಂದ ಪಾಠ ಸರಿಪಡಿಸಿ, ಬಿಟ್ಟಿದ್ದ ಪದ್ಯಗಳನ್ನು ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯಿಂದ ಅಚ್ಚು ಹಾಕಿಸಿದಳು.

ಕಾವ್ಯದ ಕಥೆ ಒಂದೇ ಹಿಡಿಯಷ್ಟು. ರಾಧೆ ತಾನು ಸಾಕಿದ ಇಳೆಯನ್ನು ತಾನೇ ಕೃಷ್ಣನಿಗೆ ಮದುವೆ ಮಾಡಿಸುತ್ತಾಳೆ. ಹುಡುಗಿಗೆ ತಾನೇ ಸಿಂಗಾರ ಮಾಡಿ, ಮೊದಲ ರಾತ್ರಿಯ ಬುದ್ಧಿ ಹೇಳುತ್ತಾಳೆ. ಕೃಷ್ಣನಿಗೂ ಹೇಳುತ್ತಾಳೆ, ಮೆಲ್ಲಗೆ, ನೋಯದಂತೆ, ಅವಳ ಮನಸ್ಸು ಅರಿತು ಎಂದು. ಬಾಗಿಲು ಮುಚ್ಚಿದ ಮೇಲೆ ಹೊರಗೆ ಒಂಟಿಯಾಗಿ ಉಳಿದವಳಿಗೆ ತಾನೇ ಹಚ್ಚಿದ ಬೆಂಕಿ ತನ್ನನ್ನೇ ಸುಡಲು ಹತ್ತುತ್ತದೆ. ಕೊನೆಗೆ ಕೃಷ್ಣ ಬಂದು ಅವಳನ್ನು ಸಂತೈಸಬೇಕು. ಶೃಂಗಾರಕಾವ್ಯಗಳಲ್ಲಿ ಹೆಣ್ಣು ಒಲಿಸಿಕೊಳ್ಳುವವಳೂ ಕಾಯುವವಳೂ ಆಗಿ ನೂರಾರು ಸಲ ಬಂದಿದ್ದಾಳೆ. ಇಲ್ಲಿ ಅವಳ ಆಸೆಗೆ, ಅವಳ ಪ್ರಾಯಕ್ಕೆ, ಅವಳ ಮುನಿಸಿಗೆ ಕಾವ್ಯದ ನಟ್ಟನಡುವಿನ ಪೀಠ ಸಿಕ್ಕಿದೆ. ಹೊತ್ತು ಕೊಟ್ಟು ಸಣ್ಣ ಉರಿಯಲ್ಲಿ ಕಾಯಿಸಿದ ಹಾಲಿನ ಕೆನೆಯಂತೆ ಆ ಮುನಿಸು ಪದ್ಯದಿಂದ ಪದ್ಯಕ್ಕೆ ದಪ್ಪವಾಗುತ್ತದೆ.

ಕಂದುಕೂರಿ ವೀರೇಶಲಿಂಗಂ ಅವರಂಥ ದೊಡ್ಡ ಸುಧಾರಕರು ಮುದ್ದುಪಳನಿಯ ವಿದ್ವತ್ತನ್ನು ಒಪ್ಪಿಕೊಂಡೂ, ಇದರ ಹಲವು ಭಾಗ ಹೆಂಗಸರು ಕೇಳಲಾರದ್ದು, ಹೆಂಗಸಿನ ಬಾಯಲ್ಲಿ ಬರಬಾರದ್ದು ಎಂದು ಬರೆದಿದ್ದರು. ನಾಗರತ್ನಮ್ಮ ಮುನ್ನುಡಿಯಲ್ಲೇ ತಿರುಗಿ ಕೇಳಿದಳು. ನಾಚಿಕೆಯೆಂಬುದು ಹೆಣ್ಣಿಗೆ ಮಾತ್ರ ಸಹಜವೋ, ಗಂಡಸಿಗೆ ಇಲ್ಲವೋ? ಗಂಡಸರು ಬರೆದ, ಪಂಡಿತರು ಮೆಚ್ಚಿದ ಕಾವ್ಯಗಳಲ್ಲಿ ಇದಕ್ಕಿಂತ ಹಸಿಯಾದ ವರ್ಣನೆ ಇದೆಯಲ್ಲ? ಉತ್ತರ ಬರಲಿಲ್ಲ, ಪೊಲೀಸರು ಬಂದರು. ಮರುವರ್ಷ ಪ್ರತಿಗಳ ಜಪ್ತಿ, ಆಮೇಲೆ ನಿಷೇಧ. ವಿದ್ವಾಂಸರ ಮನವಿಗಳು ಫಲಿಸಲಿಲ್ಲ. ಮದರಾಸಿನ ಮುಖ್ಯಮಂತ್ರಿಯಾಗಿದ್ದ ಟಂಗುಟೂರಿ ಪ್ರಕಾಶಂ ಆ ನಿಷೇಧವನ್ನು ತೆರವು ಮಾಡಿಸುವ ಹೊತ್ತಿಗೆ 1947 ಬಂದಿತ್ತು. ಅಷ್ಟೂ ವರ್ಷ ಆ ಕಾವ್ಯ ಬದುಕಿದ್ದು ಕಳ್ಳೋದಿನವರ ಪೆಟ್ಟಿಗೆಗಳಲ್ಲಿ. ಪುಸ್ತಕವನ್ನು ಬಚ್ಚಿಟ್ಟ ಆ ಹೆಸರಿಲ್ಲದ ಓದುಗರಿಗೆ ಸಾಹಿತ್ಯ ಚರಿತ್ರೆಯಲ್ಲಿ ಒಂದು ಅಧ್ಯಾಯ ಸಲ್ಲಬೇಕು.

ಈ ತಕರಾರು ಆಮೇಲೂ ಬೇರೆ ಬೇರೆ ಊರುಗಳಲ್ಲಿ ನಡೆಯಿತು. ನಮ್ಮಲ್ಲಿ ಅ.ನ.ಕೃ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದು ಬೈಸಿಕೊಂಡು, ಸುಮ್ಮನಿರದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಉರ್ದುವಿನ ಇಸ್ಮತ್ ಚುಗ್ತಾಯಿ 1942ರ ‘ಲಿಹಾಫ್’ ಕಥೆಗಾಗಿ ಲಾಹೋರಿನ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆ ಕಥೆ ಹೇಳುವುದು ಒಂದು ಪುಟ್ಟ ಹುಡುಗಿ. ಅವಳಿಗೆ ಕಾಣುವುದು ರಾತ್ರಿ ಅಲುಗಾಡುವ ರಜಾಯಿ, ಗೋಡೆಯ ಮೇಲೆ ಆನೆಯಂತೆ ಏರಿಳಿಯುವ ಅದರ ನೆರಳು, ಅಷ್ಟೇ. ಅಶ್ಲೀಲ ಪದ ಎಲ್ಲಿದೆ ತೋರಿಸಿ ಎಂದರೆ ತೋರಿಸಲು ಒಂದು ಪದವೂ ಇರಲಿಲ್ಲ, ಮೊಕದ್ದಮೆ ಬಿದ್ದುಹೋಯಿತು. ಇಂಗ್ಲಿಷಿನ ‘ಫ್ಯಾನಿ ಹಿಲ್’ ಕೂಡ ಹಾಗೆಯೇ. ಸಾಲಗಾರರ ಸೆರೆಮನೆಯಲ್ಲಿ ಕೂತು ಜಾನ್ ಕ್ಲೆಲೆಂಡ್ ಬರೆದು 1748-49ರಲ್ಲಿ ಹೊರತಂದ ಆ ಕುಖ್ಯಾತ ಕಾದಂಬರಿಯಲ್ಲಿ ಬೀದಿಯ ಒರಟು ಪದ ಒಂದೂ ಇಲ್ಲ. ಕೊನೆಯ ತನಕ ಬಳಸುಮಾತು, ರೂಪಕ, ಅಲಂಕಾರ. ಎರಡು ಶತಮಾನ ಅದನ್ನು ಹಿಡಿದು ಹಾಕಿದವರು ಹಿಡಿಯುತ್ತಿದ್ದದ್ದು ಅಕ್ಷರವನ್ನಲ್ಲ, ಅಕ್ಷರದ ಸುತ್ತ ಓದುಗ ಕಟ್ಟಿಕೊಂಡದ್ದನ್ನು. ಅದು ಪೊಲೀಸರ ಕೈಗೆ ಸಿಗುವಂಥದ್ದಲ್ಲ.

ಕೈಗೆ ಸಿಗದ್ದು ಇನ್ನೂ ಒಂದಿದೆ, ಅಚ್ಚಿಗೆ ಬಾರದ ಶೃಂಗಾರ. ಮದುವೆಮನೆಯಲ್ಲಿ ಗಂಡಿನ ಹೆಸರು ಹೇಳೆಂದು ಪೀಡಿಸಿ ಒಡಪು ಹೇಳಿಸುವ ಮುತ್ತೈದೆಯರು, ಹಸೆಯ ಮೇಲೆ ಕೂತ ಬೀಗರನ್ನು ಹಾಡಿನಲ್ಲೇ ನೀರಿಳಿಸುವ ಮುದುಕಿಯರು, ಹೋಳಿಯ ರಾತ್ರಿಯ ಉತ್ತರ ಕರ್ನಾಟಕದ ಹಾಡುಗಾರರು ಇದರ ಕವಿಗಳು. ಗಾದೆಯಲ್ಲೂ ಒಗಟಿನಲ್ಲೂ ಅವರು ತೆರೆದು ಮುಚ್ಚುವ ಆಟ ಆಡುತ್ತಾರೆ, ಉತ್ತರ ಹೇಳಿದಾಗ ಅದು ಬೀಗವೋ ಒನಕೆಯೋ ಆಗಿರುತ್ತದೆ, ಅಷ್ಟರಲ್ಲಿ ಕೇಳಿದವರ ಮುಖ ಕೆಂಪಾಗಿರುತ್ತದೆ. ಓದು ಬಾರದವರೂ ಕಳ್ಳೋದಿನ ಸುಖ ಬಲ್ಲರು.

ಆದ್ದರಿಂದ ಪ್ರಕಾಶಕರಲ್ಲಿ, ಸಂಪಾದಕರಲ್ಲಿ ನನ್ನದೊಂದು ಕೋರಿಕೆ ಇದೆ. ಹಳಗನ್ನಡ ಕಾವ್ಯಗಳ ಗದ್ಯಾನುವಾದ ತರುವಾಗ, ಪಠ್ಯಕ್ಕೆಂದು ಸಂಗ್ರಹ ಮಾಡುವಾಗ, ಜಲಕ್ರೀಡೆ ಬಂದೊಡನೆ ಮೂರು ಚುಕ್ಕಿ ಇಟ್ಟು ಮುಂದಿನ ಆಶ್ವಾಸಕ್ಕೆ ಹಾರಬೇಡಿ. ಕವಿ ಬರೆದಷ್ಟನ್ನೂ ಅಚ್ಚು ಹಾಕಿ. ಓದುಗರೇ, ‘ಯಶೋಧರ ಚರಿತೆ’ ನಾಲ್ಕೇ ಅವತಾರಗಳ ಸಣ್ಣ ಕಾವ್ಯ, ಕಂದಪದ್ಯಗಳು ನಿಧಾನವಾಗಿ ಓದಿದರೆ ಬಿಡಿಸಿಕೊಳ್ಳುತ್ತವೆ. ಸಿಕ್ಕರೆ ಇಡೀ ಪಾಠವಿರುವ ಪ್ರತಿಯನ್ನೇ ಕೊಳ್ಳಿ, ಅದಕ್ಕೆ ದಿನಪತ್ರಿಕೆಯ ಹೊದಿಕೆ ಹಾಕಬೇಡಿ.